ಒಂದು ಐದು ಮೂರು

ಶಾಲೆಯಲ್ಲಿ ಎಲ್ಲರೂ ಒಂದಾದ ಮೇಲೆ ಎರಡು ಅಂದರು.
ನಾನು ಐದು ಅಂದೆ.
ಬಾಯಿ ತಪ್ಪಿದ್ದಲ್ಲ; ಮಾಮನ ಗ್ಯಾರೇಜಿನಲ್ಲಿ
ಕಿಡಿ ಹಾರುವ ಸರದಿಯೇ ಹಾಗೆ:
ಒಂದು, ಐದು, ಮೂರು, ಆರು, ಎರಡು, ನಾಲ್ಕು.
ಕೋಡಿಬಾಗದ ಆ ತಗಡಿನ ಮಾಡಿನ ಕೆಳಗೆ
ನಾನು ಕಲಿತ ಮಗ್ಗಿ ಅದೊಂದೇ.

ಪುರ್ಸೊ ಮಾಮ ಮೊದಲು ಬೈತಖೋಲದಲ್ಲಿ
ಟ್ರಾಲರಿನ ಹೊಟ್ಟೆಯೊಳಗೆ ಇಪ್ಪತ್ತೆರಡು ವರ್ಷ ಇದ್ದ.
ಮೇಲೆ ಬಂಗಡೆ, ಚಂದ್ರ, ಬೈಗುಳ;
ಕೆಳಗೆ ಅವನು, ಡೀಸೆಲ್ಲು, ಅದರ ಗದ್ದಲ.
ದಡಕ್ಕೆ ಬಂದ ವರ್ಷವೇ
ನೌಕಾನೆಲೆಯ ಹರಾಜಿನಲ್ಲಿ ಒಂದು ಸತ್ತ ಜೋಂಗಾ ಹಿಡಿದ.
ಗಾಡಿ ಗುಜರಿಗೆ, ಎಂಜಿನ್ ಮನೆಗೆ:
ನಾಲ್ಕು ಲೀಟರು, ಆರು ಸಿಲಿಂಡರು ಸಾಲಾಗಿ,
ಪಂಕ್ತಿಗೆ ಕೂತು ಎಲೆ ಬರುವುದನ್ನೇ ಕಾಯುವ
ಆರು ಜನ ಹಸಿದವರ ಹಾಗೆ.

ಅದನ್ನು ಇಳಿಸಿದ್ದು ಒಂದು ಹಳೇ ಕಾಂಟೆಸ್ಸಾದೊಳಗೆ.
ಬಾನೆಟ್ಟು ಉದ್ದವಿತ್ತು, ಸಾಲಲಿಲ್ಲ.
ಜಾಗ ಬೇಕೆಂದು ಹೀಟರು ಬಿಚ್ಚಿದ,
ಭಾರ ಹೆಚ್ಚೆಂದು ಹಿಂದಿನ ಸೀಟು,
ರೇಡಿಯೋ ಯಾಕೆ ಬಿಚ್ಚಿದನೋ ಕೇಳಬೇಡಿ.
ಅದಿದ್ದ ತೂತಿನಲ್ಲಿ ಈಗ ಬೀಡಿ, ಎರಡು ಪ್ಲಗ್ಗು,
ನನ್ನ ಎಸ್ಸೆಸ್ಸೆಲ್ಸಿ ಹಾಲ್ ಟಿಕೆಟ್ಟು.

ಪೆಟ್ರೋಲು ಗೋವಾದಲ್ಲಿ ಅಗ್ಗ ಎಂದು
ಮಾಜಾಳಿ ದಾಟಿ ಪೋಳೆಯ ಬಂಕಿಗೆ ಹೋಗುತ್ತೇವೆ.
ಉಳಿಸಿದ್ದನ್ನು ಮನೆ ಸೇರುವ ಮೊದಲೇ
ಸುಟ್ಟುಬಿಡುತ್ತೇವೆ.
ಬಂಕಿನ ಹುಡುಗ ನಮ್ಮನ್ನು ಕಂಡರೆ ಮೊದಲು ಚಾ ಹೇಳುತ್ತಾನೆ.
ಈ ಟ್ಯಾಂಕು ತುಂಬುವ ಹೊತ್ತು ಅವನಿಗೆ ಗೊತ್ತು.

ಕೊಳ್ಳುತ್ತೇನೆಂದು ಬಂದವರು ಮಡಗಾಂವಿನ ಹಲ್ಲಿನ ಡಾಕ್ಟರು,
ಕುಲಾಸೊ, ಬಿಳಿ ಪ್ಯಾಂಟು.
ಬೆರಳು ತೋರಿಸಿ ತೋರಿಸಿ ಕೇಳಿದರು.
ಎಸಿ? ನಾ.
ಪವರ್ ಸ್ಟೀರಿಂಗ್? ನಾ.
ಕಿಟಕಿಗೆ ಬಟನ್ನು? ನಾ.
ಎಡಗಡೆಯದಕ್ಕೆ ಹಿಡಿಕೆಯೂ ನಾ, ಇಕ್ಕಳ ಹಾಕಿ ತಿರುಗಿಸಬೇಕು.
ಲೋಟ ಇಡಲು ಜಾಗ?
ಮಾಮ ಡಾಕ್ಟರ ತೊಡೆಗಳನ್ನು ನೋಡಿದ.

ಕದ್ರಾ ಕಳೆದು ಅಣಶಿ ಘಾಟಿ ಹತ್ತಿದೆವು. ಓಡಿಸಿದ್ದು ನಾನು.
ಒಂದೊಂದು ತಿರುವಿಗೂ ಎರಡು ಕೈ, ಒಂದು ಭುಜ,
ಸ್ವಲ್ಪ ಹೊಟ್ಟೆ ಕೂಡ ಬೇಕಾಗುತ್ತದೆ.
ಕಾಲು ಒತ್ತಿದಾಗ ಅದು ಕಿರುಚುವುದಿಲ್ಲ.
ನೆಲವನ್ನೇ ಹಿಂದಕ್ಕೆ ಎಳೆದು ಬಿಸಾಡುತ್ತದೆ.
ಡಾಕ್ಟರು ಬೆವರಿ, ನಕ್ಕು, ಮತ್ತೆ ಬೆವರಿ ಕೂಗಿದರು:
ಎರಡು ಲಕ್ಷ ಜಾಸ್ತಿ ಕೊಡುತ್ತೇನೆ,
ಎಸಿ ಹಾಕಿ, ಸ್ಟೀರಿಂಗ್ ಮೆತ್ತಗೆ ಮಾಡಿ,
ನೆಲಕ್ಕೆ ದಪ್ಪ ರಬ್ಬರು ಬಡಿಯಿರಿ.

ಮಾಮ ಉತ್ತರ ಕೊಡಲಿಲ್ಲ.
ಚೌಕಾಶಿ ಅಂದುಕೊಂಡು ಇನ್ನೈವತ್ತು ಸಾವಿರ ಏರಿಸಿದರು.

ಹೇಳಲೇಬೇಕಾಯಿತು:
ಅವನಿಗೆ ಕಿವಿ ಕೇಳಿಸದು ಡಾಕ್ಟರೇ.
ಹಡಗಿನ ಭೋಂಗಾ ಕೂಡ ಕೇಳಿಸದು.
ನಿಮ್ಮ ಬೆರಳು ನೋಡಿ ನಾ ಅಂದದ್ದು.

ಕನ್ನಡಿಯಲ್ಲಿ ಕಂಡ: ಸೀಟಿಲ್ಲದ ಕಡೆ
ಹಳೇ ಬಲೆ ಮಡಿಸಿ ಅದರ ಮೇಲೆ ಕೂತಿದ್ದಾನೆ,
ಚಪ್ಪಲಿ ಪಕ್ಕಕ್ಕೆ,
ಅಂಗಾಲೆರಡೂ ಬರಿಯ ತಗಡಿಗೆ ಒತ್ತಿ, ಕಣ್ಣು ಮುಚ್ಚಿ.
ಆಮೇಲೆ ಒಮ್ಮೆಲೆ ನನ್ನ ಬೆನ್ನಿಗೆ ಗುದ್ದಿದ:
ನಾಲ್ಕನೆಯದು ತಡ ಮಾಡ್ತಿದೆ, ನಿಲ್ಲಿಸು.

ನನಗೇನೂ ತಿಳಿದಿರಲಿಲ್ಲ, ಎರಡು ಕಿವಿ ಇದ್ದೂ.
ಬಾನೆಟ್ಟು ಎತ್ತಿದರೆ
ನಾಲ್ಕನೆಯ ಪ್ಲಗ್ಗಿನ ಟೋಪಿ ಅರ್ಧ ಎದ್ದು ನಿಂತಿತ್ತು.
ಡಾಕ್ಟರು ತುಂಬ ಹೊತ್ತು ಮಾಮನ ಕಾಲನ್ನೇ ನೋಡಿದರು.
ಬಿಳಿ ಪ್ಯಾಂಟಿಗೆ ಗ್ರೀಸು ತಾಗಿದ್ದು ಹೇಳಲಿಲ್ಲ ನಾನು.
ವ್ಯಾಪಾರ ಅಲ್ಲಿಗೇ ಮುರಿಯಿತು.

ತಿಂಗಳು ಕಳೆದು ಮಾಮನ ದವಡೆ ಊದಿತು.
ಅದೇ ಗಾಡಿಯಲ್ಲಿ ಮಡಗಾಂವಿಗೆ ಹೋಗಿ ಹಲ್ಲು ಕೀಳಿಸಿದೆವು.
ಫೀಸು ಬೇಡ, ಒಂದು ಸುತ್ತು ಸಾಕು ಅಂದರು ಡಾಕ್ಟರು.
ಬೂಟು, ಕಾಲುಚೀಲ ಕೈಯಲ್ಲಿ ಹಿಡಿದೇ ಹತ್ತಿದರು.
ಬಾಯಲ್ಲಿ ಹತ್ತಿ ಕಚ್ಚಿದ್ದ ಮಾಮ
ಬೆರಳು ಬಿಡಿಸಿ ತೋರಿಸತೊಡಗಿದ:
ಒಂದು. ಐದು. ಮೂರು.